ಬೋರ್ಡ್ ಯುಎಸ್‌ಬಿಯಲ್ಲಿ ಕಾಣುವುದಿಲ್ಲ, ಬೇರೆ ಓಎಸ್ ಬೂಟ್ ಆಗುವುದಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಮಂಗಳೂರಿನಲ್ಲಿ, ಕದ್ರಿ ಹತ್ತಿರ. ರಾಸ್ಪ್‌ಬೆರಿ ಪೈ, ಆರೆಂಜ್ ಪೈ, ಬೀಗಲ್‌ಬೋನ್ ಇಂಥ ಅಂಗೈಯಗಲದ ಕಂಪ್ಯೂಟರುಗಳ ಚಟ ಹತ್ತಿ ಬಹಳ ವರ್ಷ ಆಯಿತು. ಸುರತ್ಕಲ್, ಮಣಿಪಾಲದ ಹಾಸ್ಟೆಲ್ ಹುಡುಗರಿಂದ ಹಿಡಿದು ನಮ್ಮ ಓಣಿಯ ರಿಟೈರ್ಡ್ ಮಾಷ್ಟ್ರವರೆಗೆ ಎಲ್ಲರೂ ಕೇಳುವುದು ಸುಮಾರು ಇವೇ ಪ್ರಶ್ನೆಗಳನ್ನು. ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೆ ಒಂದೇ ಕಡೆ ಬರೆದಿಟ್ಟೆ. ಕಮಾಂಡುಗಳ ಹೆಸರನ್ನೂ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಮಾಡಿ.

ಬೋರ್ಡನ್ನು ಲ್ಯಾಪ್‌ಟಾಪ್‌ಗೆ ಚುಚ್ಚಿದೆ, ಲೈಟ್ ಉರಿಯುತ್ತದೆ, ಆದರೆ ಎಂತ ಕೂಡ ಕಾಣುವುದಿಲ್ಲ. ಬೋರ್ಡ್ ಹಾಳಾಯಿತಾ?

ಇಲ್ಲ, ಹೆಚ್ಚಾಗಿ ಏನೂ ಆಗಿರುವುದಿಲ್ಲ. ಪೈ ಅಂದರೆ ಪೆನ್‌ಡ್ರೈವ್ ಅಲ್ಲ ಮಾರಾಯ್ರೆ, ಅದು ಒಂದು ಪೂರ್ತಿ ಕಂಪ್ಯೂಟರ್. ಎರಡು ಲ್ಯಾಪ್‌ಟಾಪನ್ನು ಯುಎಸ್‌ಬಿ ವೈರಿನಲ್ಲಿ ಜೋಡಿಸಿದರೆ ಒಂದಕ್ಕೊಂದು ಕಾಣುತ್ತದಾ? ಇಲ್ಲ ಅಲ್ವಾ. ಪೈ 4ರ ಟೈಪ್ ಸಿ ಪೋರ್ಟ್‌ಗೆ ಲ್ಯಾಪ್‌ಟಾಪ್ ಜೋಡಿಸಿದರೆ ಅದು ಸುಮ್ನೆ ಕರೆಂಟ್ ಎಳೆದುಕೊಳ್ಳುತ್ತದೆ, ಅಷ್ಟೇ. ಕಾಣಬೇಕಾದರೆ ಬೋರ್ಡಿನೊಳಗಿನ ಓಎಸ್ "ನಾನೊಂದು ನೆಟ್‌ವರ್ಕ್ ಕಾರ್ಡ್" ಎಂದೋ "ನಾನೊಂದು ಡಿಸ್ಕ್" ಎಂದೋ ವೇಷ ಹಾಕಬೇಕು. ಅದಕ್ಕೆ ಗ್ಯಾಜೆಟ್ ಮೋಡ್ ಎನ್ನುತ್ತಾರೆ. ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ ಅದರದೇ ಡೆಬಿಯನ್ ಇದ್ದರೆ ಈ ವೇಷ ಮೊದಲೇ ಸಿದ್ಧ ಇರುತ್ತದೆ, ವೈರ್ ಹಾಕಿದ ಕೂಡಲೇ 192.168.7.2 ಎಂಬ ವಿಳಾಸದಲ್ಲಿ ಸಿಗುತ್ತದೆ. ಪೈ ಝೀರೋದಲ್ಲಿ ನಾವೇ ಹೇಳಿಕೊಡಬೇಕು: ಕಾನ್ಫಿಗ್ ಫೈಲಿನಲ್ಲಿ ಡಿಡಬ್ಲ್ಯುಸಿ2 ಓವರ್‌ಲೇ, ಸಿಎಂಡಿಲೈನ್ ಫೈಲಿನಲ್ಲಿ ಜಿ ಈಥರ್ ಮಾಡ್ಯೂಲ್ (ಎರಡೂ ಕಾರ್ಡಿನ ಬೂಟ್ ಪಾರ್ಟಿಷನ್‌ನಲ್ಲಿರುವ ಸೆಟ್ಟಿಂಗ್ ಫೈಲುಗಳು).

ಇನ್ನೊಂದು, ಪೈ ಝೀರೋದಲ್ಲಿ ಮೈಕ್ರೋ ಯುಎಸ್‌ಬಿ ಪೋರ್ಟ್ ಎರಡು ಉಂಟು. ಅಂಚಿನಲ್ಲಿರುವುದು ಬರೀ ಪವರ್. ನಡುವಿನ ಕಡೆ ಇರುವುದರಲ್ಲಿ ಮಾತ್ರ ಡೇಟಾ ಹೋಗುತ್ತದೆ. ಅಂಚಿನದಕ್ಕೆ ಚುಚ್ಚಿ ರಾತ್ರಿಯಿಡೀ ಕೂತವರನ್ನು ನಾನು ನೋಡಿದ್ದೇನೆ.

ಕೇಬಲ್ ಸರಿ ಇದೆಯಾ ಇಲ್ಲವಾ ಎಂದು ಹೇಗೆ ಗೊತ್ತಾಗುವುದು?

ಯುಎಸ್‌ಬಿ 2 ಕೇಬಲಿನೊಳಗೆ ಮುಖ್ಯವಾಗಿ ನಾಲ್ಕು ತಂತಿ, ಎರಡು ಪವರ್‌ಗೆ, ಎರಡು ಡೇಟಾಕ್ಕೆ. ಎಮರ್ಜೆನ್ಸಿ ಲೈಟ್, ಸಣ್ಣ ಫ್ಯಾನ್, ಟ್ರಿಮ್ಮರ್ ಜೊತೆ ಬರುವ ಕೇಬಲುಗಳಲ್ಲಿ ಎಷ್ಟೋ ಸಲ ಡೇಟಾ ತಂತಿಯೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರ. ಪರೀಕ್ಷೆ ಸುಲಭ: ಅದೇ ಕೇಬಲಿನಲ್ಲಿ ನಿಮ್ಮ ಫೋನನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ ಒಂದು ಫೋಟೋ ಕಾಪಿ ಮಾಡಿ. ಕಾಪಿ ಆಯಿತಾ, ಕೇಬಲ್ ಸರಿ. ಬರೀ ಚಾರ್ಜಿಂಗ್ ಎಂದು ತೋರಿಸಿತಾ, ಅದನ್ನು ಫ್ಯಾನಿಗೇ ವಾಪಸ್ ಕೊಡಿ.

ನಾನು ಇದನ್ನು ಕಲಿತದ್ದು ಮೂರು ದಿನ ಕಳೆದುಕೊಂಡು. ಹೊಸ ಆರೆಂಜ್ ಪೈ ತಂದು ಡ್ರೈವರ್ ಬದಲಿಸಿದೆ, ಲ್ಯಾಪ್‌ಟಾಪ್ ಬದಲಿಸಿದೆ, ಓಎಸ್ ನಾಲ್ಕು ಸಲ ಬರೆದೆ, ಅಂಗಡಿಯವರಿಗೆ ಫೋನ್ ಮಾಡಿ ಬೈಯುವುದೊಂದು ಬಾಕಿ ಇತ್ತು. ಕೊನೆಗೆ ತಮ್ಮ ಬಂದು ಅವನ ಫೋನಿನ ಕೇಬಲ್ ಹಾಕಿದ, ಒಂದು ಸೆಕೆಂಡಿನಲ್ಲಿ ಕಂಡಿತು. ಈಗ ಡೇಟಾ ಹೋಗುವ ಕೇಬಲಿಗೆಲ್ಲ ನಮ್ಮನೆಯಲ್ಲಿ ಕೆಂಪು ನೇಲ್ ಪಾಲಿಶ್ ಗುರುತು.

ಪೈ 4ಕ್ಕೆ ಒಳ್ಳೆಯ, ದುಬಾರಿ ಟೈಪ್ ಸಿ ಕೇಬಲ್ ಹಾಕಿದರೆ ಆನ್ ಆಗುವುದಿಲ್ಲ, ಅಗ್ಗದ್ದು ಹಾಕಿದರೆ ಆಗುತ್ತದೆ. ಇದೆಂಥ ಮಾಯೆ?

ಮಾಯೆ ಅಲ್ಲ, ಬೋರ್ಡಿನ ತಪ್ಪೇ. 2019ರಲ್ಲಿ ಮೊದಲು ಬಂದ ಪೈ 4ಗಳಲ್ಲಿ ಟೈಪ್ ಸಿ ಪೋರ್ಟಿನಲ್ಲಿ ಜೋಡಿಸಿದ್ದು ಯಾವ ವಸ್ತು ಎಂದು ಚಾರ್ಜರಿಗೆ ತಿಳಿಸುವ ಎರಡು ಸಿಸಿ ಪಿನ್‌ಗಳಿಗೆ ಪ್ರತ್ಯೇಕ ರೆಸಿಸ್ಟರ್ ಹಾಕುವ ಬದಲು ಒಂದನ್ನೇ ಹಂಚಿದ್ದರು. ಒಳಗೆ ಚಿಪ್ ಇರುವ ದುಬಾರಿ ಕೇಬಲ್ ಹಾಕಿದರೆ ಚಾರ್ಜರ್ ಇದನ್ನು ಹೆಡ್‌ಫೋನ್ ಅಡಾಪ್ಟರ್ ಎಂದು ತಪ್ಪು ತಿಳಿದು ಕರೆಂಟೇ ಕೊಡುವುದಿಲ್ಲ. ಆಮೇಲಿನ ಬೋರ್ಡುಗಳಲ್ಲಿ ಸರಿ ಮಾಡಿದ್ದಾರೆ. ಸೆಕೆಂಡ್ ಹ್ಯಾಂಡ್ ತಂದಿದ್ದರೆ ಸಾದಾ ಕೇಬಲ್ ಹಾಕಿ, ಮುಗಿಯಿತು.

ಎಲ್‌ಎಸ್‌ಯುಎಸ್‌ಬಿ ಹೊಡೆದರೆ ಏನೋ ಒಂದು ನಂಬರ್ ಬರುತ್ತದೆ, ಹೆಸರಿಲ್ಲ. ಅದರಿಂದ ಎಂತ ತಿಳಿಯುವುದು?

ಲಿನಕ್ಸಿನಲ್ಲಿ ಜೋಡಿಸಿದ ಯುಎಸ್‌ಬಿ ವಸ್ತುಗಳ ಪಟ್ಟಿ ಕೊಡುವ ಕಮಾಂಡ್ ಅದು, ಅದರಿಂದಲೇ ಅರ್ಧ ಕಥೆ ತಿಳಿಯುತ್ತದೆ. ಪ್ರತಿ ಯುಎಸ್‌ಬಿ ವಸ್ತುವಿಗೂ ಎರಡು ಭಾಗದ ಗುರುತು ಸಂಖ್ಯೆ ಇರುತ್ತದೆ, ಮೊದಲ ಭಾಗ ಕಂಪನಿಯದು. 1ಎಫ್3ಎ:ಇಎಫ್‌ಇ8 ಕಂಡರೆ ಆಲ್‌ವಿನ್ನರ್ ಚಿಪ್ ಎಫ್‌ಇಎಲ್ ಮೋಡ್‌ನಲ್ಲಿ ಕೂತಿದೆ. 2207ರಿಂದ ಶುರುವಾದರೆ ರಾಕ್‌ಚಿಪ್. 2207:350ಬಿ ಎಂದರೆ ಆರ್‌ಕೆ3588, 2207:330ಸಿ ಎಂದರೆ ಆರ್‌ಕೆ3399. 1ಬಿ8ಇ:ಸಿ003 ಆಮ್‌ಲಾಜಿಕ್. 0ಎ5ಸಿ ಎಂದಿದ್ದರೆ ಬ್ರಾಡ್‌ಕಾಮ್, ಅಂದರೆ ಪೈ ಕುಟುಂಬ. ಇವು ಕಂಡವು ಎಂದರೆ ಚಿಪ್ ಬದುಕಿದೆ, ಕೇಬಲ್ ಸರಿ ಇದೆ, ಬೂಟ್ ಮಾಡಲು ಏನೂ ಸಿಗದೆ (ಅಥವಾ ನೀವು ಬಟನ್ ಒತ್ತಿದ್ದಕ್ಕೆ) ಯುಎಸ್‌ಬಿಯಲ್ಲಿ ಕೈಚಾಚಿ ಕಾಯುತ್ತಿದೆ ಎಂದರ್ಥ. ಬೋರ್ಡ್ ಸತ್ತಿತು ಎಂದು ಅಳುತ್ತಾ ಬರುವವರಲ್ಲಿ ಜಾಸ್ತಿ ಜನರ ಬೋರ್ಡ್ ಇದೇ ಸ್ಥಿತಿಯಲ್ಲಿರುತ್ತದೆ.

ಡಿಎಂಇಎಸ್‌ಜಿಯಲ್ಲಿ ಮೈನಸ್ 71, ಮೈನಸ್ 110 ಎಂದು ಎರರ್ ಬರುತ್ತದೆ.

ಡಿಎಂಇಎಸ್‌ಜಿ ಎಂದರೆ ಲಿನಕ್ಸಿನ ಒಳಗಿನ ದಿನಚರಿ ತೋರಿಸುವ ಕಮಾಂಡ್. ಅದರಲ್ಲಿ 71 ಎಂದರೆ ಮಾತು ಅರ್ಥವಾಗಲಿಲ್ಲ, 110 ಎಂದರೆ ಕಾದು ಕಾದು ಉತ್ತರ ಬರಲಿಲ್ಲ. ಎರಡಕ್ಕೂ ಮೊದಲ ಸಂಶಯ ಕೇಬಲ್, ಎರಡನೆಯದು ಪವರ್, ಮೂರನೆಯದು ಹಬ್. ಸಾಫ್ಟ್‌ವೇರ್ ಆ ಸಾಲಿನಲ್ಲಿ ಬಹಳ ಹಿಂದೆ ನಿಂತಿದೆ. ಹಬ್ ತೆಗೆದು ನೇರ ಚುಚ್ಚಿ, ಗಿಡ್ಡ ಕೇಬಲ್ ಹಾಕಿ, ಬೇರೆ ಪೋರ್ಟ್ ನೋಡಿ.

ಸ್ಕ್ರೀನಿನ ಮೂಲೆಯಲ್ಲಿ ಮಿಂಚಿನ ಗುರುತು ಬರುತ್ತದೆ. ಆದರೂ ಓಡುತ್ತದಲ್ಲ, ಬಿಡಬಹುದಾ?

ಬಿಡಬೇಡಿ. ವೋಲ್ಟೇಜ್ ಸುಮಾರು 4.63ಕ್ಕಿಂತ ಕೆಳಗೆ ಇಳಿದಾಗ ಪೈ ಆ ಗುರುತು ತೋರಿಸುತ್ತದೆ. ಓಡುತ್ತದೆ ನಿಜ, ಆದರೆ ಕಾರ್ಡಿಗೆ ಬರೆಯುವ ಹೊತ್ತಿಗೆ ಸರಿಯಾಗಿ ಇಳಿದರೆ ಫೈಲ್ ಸಿಸ್ಟಮ್ ಹೋಗುತ್ತದೆ. ಸ್ಕ್ರೀನ್ ಇಲ್ಲದವರು ವಿಸಿಜೆನ್‌ಸಿಎಂಡಿ ಕಮಾಂಡಿಗೆ ಗೆಟ್ ಅಂಡರ್‌ಸ್ಕೋರ್ ಥ್ರಾಟಲ್ಡ್ ಎಂದು ಕೊಟ್ಟು ನೋಡಿ. ಬರೀ ಸೊನ್ನೆ ಬಂದರೆ ಆರಾಮ. 50000 ಬಂದರೆ ಆನ್ ಆದಮೇಲೆ ಯಾವಾಗಲೋ ವೋಲ್ಟೇಜ್ ಇಳಿದಿತ್ತು, ಆಗ ಸ್ಪೀಡನ್ನೂ ಕಡಿಮೆ ಮಾಡಿಕೊಂಡಿತ್ತು. 50005 ಬಂದರೆ ಈಗಲೂ ಅದೇ ನಡೆಯುತ್ತಿದೆ.

"ನನ್ನದು 65 ವ್ಯಾಟ್ ಫೋನ್ ಚಾರ್ಜರ್, ಅದಕ್ಕಿಂತ ದೊಡ್ಡದು ಬೇಕಾ?" ಎಂದು ಕೇಳುತ್ತಾರೆ. ವ್ಯಾಟ್ ನೋಡಬೇಡಿ. ಆ ಚಾರ್ಜರುಗಳು ಅಷ್ಟು ಶಕ್ತಿ ಕೊಡುವುದು ತಮ್ಮದೇ ಫೋನಿಗೆ, ಜಾಸ್ತಿ ವೋಲ್ಟೇಜಿನಲ್ಲೋ ತಮ್ಮದೇ ಒಪ್ಪಂದದಲ್ಲೋ. 5 ವೋಲ್ಟಿನಲ್ಲಿ ಎಷ್ಟು ಆಂಪಿಯರ್ ಎಂದು ಹಿಂಬದಿಯ ಸಣ್ಣ ಅಕ್ಷರದಲ್ಲಿ ಓದಿ. ಪೈ 4ಕ್ಕೆ 3 ಆಂಪಿಯರ್, ಪೈ 5ಕ್ಕೆ 5 ಆಂಪಿಯರ್ ಬೇಕು. 5 ವೋಲ್ಟಿನಲ್ಲಿ 5 ಆಂಪಿಯರ್ ಕೊಡುವ ಚಾರ್ಜರ್ ಪೇಟೆಯಲ್ಲಿ ಅಪರೂಪ, ಅದಕ್ಕೇ ಪೈಯವರದೇ 27 ವ್ಯಾಟಿನದ್ದು ತೆಗೆದುಕೊಳ್ಳಿ ಎನ್ನುವುದು.

ಪೋರ್ಟಬಲ್ ಹಾರ್ಡ್‌ಡಿಸ್ಕ್ ಕಟಕಟ ಎಂದು ಬಿಟ್ಟು ಹೋಗುತ್ತದೆ.

ನಮ್ಮ ಮಾಷ್ಟ್ರು ಯಕ್ಷಗಾನದ ಹಳೆಯ ಕ್ಯಾಸೆಟ್‌ಗಳನ್ನೆಲ್ಲ ಡಿಸ್ಕಿಗೆ ಇಳಿಸುತ್ತಿದ್ದರು. ಭಾಗವತರು ಪದ ಎತ್ತುವ ಹೊತ್ತಿಗೆ ಸರಿಯಾಗಿ ಡಿಸ್ಕ್ ಮಾಯ. ಲೆಕ್ಕ ಇಷ್ಟೇ: ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಒಟ್ಟು 1.2 ಆಂಪಿಯರ್ ಕೊಡುತ್ತದೆ. ತಿರುಗುವ ಡಿಸ್ಕ್ ಶುರುವಿಗೆ ಎದ್ದು ನಿಲ್ಲಲೇ ಅದರ ಬಹುಪಾಲು ಎಳೆಯುತ್ತದೆ, ಜೊತೆಗೆ ಅವರ ಆಡಿಯೋ ಡಬ್ಬಿ, ಕೀಬೋರ್ಡ್, ಮೌಸ್. ಪೈ 5ರಲ್ಲಿ ಸರಿಯಾದ ಚಾರ್ಜರ್ ಇದ್ದರೆ ಒಟ್ಟು 1.6 ಆಂಪಿಯರ್, 3 ಆಂಪಿಯರಿನ ಚಾರ್ಜರ್ ಹಾಕಿದರೆ ಅದು ತಾನಾಗಿ 600 ಮಿಲಿ ಆಂಪಿಯರಿಗೆ ಇಳಿಸಿಬಿಡುತ್ತದೆ. ಪರಿಹಾರ, ಸ್ವಂತ ಅಡಾಪ್ಟರ್ ಇರುವ ಹಬ್. ಆದರೆ ಕೆಲವು ಅಗ್ಗದ ಹಬ್‌ಗಳು ಹಿಂದಕ್ಕೆ ಬೋರ್ಡಿಗೇ ಕರೆಂಟ್ ನುಗ್ಗಿಸುತ್ತವೆ. ಬೋರ್ಡಿನ ಚಾರ್ಜರ್ ತೆಗೆದಮೇಲೂ ಕೆಂಪು ಲೈಟ್ ಉರಿಯುತ್ತಿದ್ದರೆ ಆ ಹಬ್ ಬೇಡ.

ಎಸ್‌ಎಸ್‌ಡಿ ಹಾಕಿದೆ, ನಡುನಡುವೆ ಅರ್ಧ ನಿಮಿಷ ಹೆಪ್ಪುಗಟ್ಟಿದ ಹಾಗೆ ನಿಲ್ಲುತ್ತದೆ. ಪವರ್ ಸರಿ ಇದೆ.

ಹಾಗಾದರೆ ಸಂಶಯ ಎಸ್‌ಎಸ್‌ಡಿಯ ಮೇಲಲ್ಲ, ಅದನ್ನು ಯುಎಸ್‌ಬಿಗೆ ಜೋಡಿಸುವ ಡಬ್ಬಿಯೊಳಗಿನ ಚಿಪ್ ಮೇಲೆ. ಯುಎಎಸ್ ಎಂಬ ವೇಗದ ಕ್ರಮ ಕೆಲವು ಚಿಪ್‌ಗಳಲ್ಲಿ ಸರಿ ಕೂತಿಲ್ಲ, 152ಡಿ ನಂಬರಿನ ಕೆಲವು ಜೆಮೈಕ್ರಾನ್ ಚಿಪ್‌ಗಳಲ್ಲಿ ಇದನ್ನು ಬಹಳ ಜನ ಅನುಭವಿಸಿದ್ದಾರೆ. ಎಲ್‌ಎಸ್‌ಯುಎಸ್‌ಬಿಯಲ್ಲಿ ಎರಡೂ ಭಾಗದ ನಂಬರ್ ಬರೆದುಕೊಂಡು, ಸಿಎಂಡಿಲೈನ್ ಫೈಲಿನಲ್ಲಿ ಯುಎಸ್‌ಬಿ-ಸ್ಟೋರೇಜ್ ಡಾಟ್ ಕ್ವರ್ಕ್ಸ್ ಎಂದು ಹಾಕಿ, ಸಮ ಚಿಹ್ನೆ, ಆ ನಂಬರ್, ಕೋಲನ್, ಯು ಅಕ್ಷರ. ಆ ಫೈಲ್ ಪೂರ್ತಿ ಒಂದೇ ಸಾಲಿನಲ್ಲಿರಬೇಕು. ಎಂಟರ್ ಒತ್ತಿ ಎರಡನೇ ಸಾಲು ಮಾಡಿದಿರೋ, ಬರೆದದ್ದು ಲೆಕ್ಕಕ್ಕೇ ಬರುವುದಿಲ್ಲ. ವೇಗ ಸ್ವಲ್ಪ ಕಡಿಮೆಯಾಗುತ್ತದೆ, ನಿಲ್ಲುವುದು ತಪ್ಪುತ್ತದೆ.

ನೀಲಿ ಪೋರ್ಟಿಗೆ ಡಿಸ್ಕ್ ಹಾಕಿದ ಕೂಡಲೇ ವೈಫೈ ಹೋಗುತ್ತದೆ. ಕಾಕತಾಳೀಯವಾ?

ಅಲ್ಲ. ನೀಲಿ ಪೋರ್ಟಿನ ಯುಎಸ್‌ಬಿ 3 ಓಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಎಬ್ಬಿಸುತ್ತದೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಬರೆದಿಟ್ಟಿತ್ತು. ಡಿಸ್ಕನ್ನು ಉದ್ದ ಕೇಬಲಿನಲ್ಲಿ ದೂರ ಇಡಿ, ಅಥವಾ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ. ವೈರ್‌ಲೆಸ್ ಮೌಸಿನ ಡಾಂಗಲ್ ಕಪ್ಪು ಪೋರ್ಟಿಗೆ.

ಪಿಸಿಗೆಂದು ಮಾಡಿದ ಲಿನಕ್ಸ್ ಪೆನ್‌ಡ್ರೈವ್ ನನ್ನ ಹತ್ತಿರ ಉಂಟು. ಅದನ್ನೇ ಬೋರ್ಡಿಗೆ ಚುಚ್ಚಿ ಬೂಟ್ ಮಾಡಬಹುದಾ?

ಆಗುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬೇರೆ ಓಎಸ್ ಬೂಟ್ ಆಗದ ತೊಂದರೆಗಳಲ್ಲಿ ಮುಕ್ಕಾಲು ಪಾಲು ಇದೊಂದು ಗೊತ್ತಿಲ್ಲದ್ದರಿಂದ ಬರುವಂಥದ್ದು.

ಮೊದಲನೆಯದು, ಪಿಸಿಯ ಪ್ರೊಸೆಸರಿನ ಭಾಷೆಯೇ ಬೇರೆ, ಇಲ್ಲಿರುವುದು ಎಆರ್‌ಎಂ. ಸರಿ, ಎಆರ್‌ಎಂ ಲಿನಕ್ಸ್ ತಂದರೆ? ಅಲ್ಲೂ ಒಂದು ತೊಡಕು, ಅದು ಎರಡನೆಯದು. ಪಿಸಿಯಲ್ಲಿ ಬಯೋಸ್ ಅಥವಾ ಯುಇಎಫ್‌ಐ ಮೊದಲು ಎದ್ದು, ಯಾವ ಸಾಮಾನು ಎಲ್ಲಿದೆ ಎಂದು ಹುಡುಕಿ ಓಎಸ್‌ಗೆ ಹೇಳುತ್ತದೆ. ಹೆಚ್ಚಿನ ಸಣ್ಣ ಬೋರ್ಡುಗಳಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ. ಡಿವೈಸ್ ಟ್ರೀ ಎಂಬ ಫೈಲಿನಲ್ಲಿ ಆ ಬೋರ್ಡಿನ ನಕ್ಷೆ ಬರೆದಿರಬೇಕು. ನಕ್ಷೆ ತಪ್ಪಿದರೆ ಯುಎಸ್‌ಬಿ ಪೋರ್ಟ್ ಇದ್ದೂ ಕಾಣುವುದಿಲ್ಲ, ಒಂದು ಓಎಸ್‌ನಲ್ಲಿ ನಡೆದ ಕೀಬೋರ್ಡ್ ಇನ್ನೊಂದರಲ್ಲಿ ಸುಮ್ಮನಿರುತ್ತದೆ.

ಮೂರನೆಯದು, ಚಿಪ್ ಮೊದಲ ಕೋಡನ್ನು ಎಲ್ಲಿ ಹುಡುಕುತ್ತದೆ ಎಂಬುದು. ಆಲ್‌ವಿನ್ನರ್ ಕಾರ್ಡಿನ ಶುರುವಿನಿಂದ 8 ಕೆಬಿ ದಾಟಿ ನೋಡುತ್ತದೆ. ರಾಕ್‌ಚಿಪ್ 64ನೇ ಸೆಕ್ಟರಿನಲ್ಲಿ, ಅಂದರೆ 32 ಕೆಬಿಯಲ್ಲಿ. ಪೈ ಮಾತ್ರ ಎಫ್‌ಎಟಿ ಪಾರ್ಟಿಷನ್ ತೆರೆದು ಫೈಲುಗಳನ್ನೇ ಓದುತ್ತದೆ. ಹಾಗಾಗಿ ಆರೆಂಜ್ ಪೈ ಝೀರೋ 3ಕ್ಕೆ ಮಾಡಿದ ಇಮೇಜ್ (ಇಡೀ ಓಎಸ್ ಇರುವ ಒಂದೇ ಫೈಲ್) ಆರೆಂಜ್ ಪೈ 5ರಲ್ಲಿ ಏಳುವುದಿಲ್ಲ. ಹೆಸರು ಒಂದೇ ಮನೆಯದ್ದಾದರೂ ಮೊದಲನೆಯದರಲ್ಲಿ ಆಲ್‌ವಿನ್ನರ್, ಎರಡನೆಯದರಲ್ಲಿ ರಾಕ್‌ಚಿಪ್. ಇಮೇಜ್ ಒಳಗಿನ ಫೈಲುಗಳನ್ನು ಕಾರ್ಡಿಗೆ ಎಳೆದು ಹಾಕಿದರೂ ಇವು ಏಳುವುದಿಲ್ಲ, ಯಾಕೆಂದರೆ ಆ 8 ಕೆಬಿ, 32 ಕೆಬಿ ಜಾಗದಲ್ಲಿರಬೇಕಾದ ಕೋಡು ಆ ಫೈಲುಗಳ ಯಾವುದರಲ್ಲೂ ಇಲ್ಲ. ಎಚರ್, ಪೈ ಇಮೇಜರ್ ಅಥವಾ ಡಿಡಿ ಬಳಸಿ ಇಡೀ ಇಮೇಜ್ ಬರೆಯಿರಿ. ಬರೆದಮೇಲೆ ವಿಂಡೋಸ್ "ಈ ಡಿಸ್ಕ್ ಫಾರ್ಮ್ಯಾಟ್ ಮಾಡಲಾ?" ಎಂದು ಕೇಳುತ್ತದೆ, ಅದಕ್ಕೆ ಲಿನಕ್ಸ್ ಪಾರ್ಟಿಷನ್ ಓದಲು ಬರುವುದಿಲ್ಲ, ಅಷ್ಟಕ್ಕೇ. ಬೇಡ ಎನ್ನಿ. ಹೌದು ಎಂದು ಒತ್ತಿ ಮೊದಲಿನಿಂದ ಶುರು ಮಾಡಿದವರು ನನಗೇ ಆರು ಜನ ಗೊತ್ತು.

ಪೈಯನ್ನು ಯುಎಸ್‌ಬಿಯಿಂದಲೇ ಬೂಟ್ ಮಾಡಬೇಕು, ಎಸ್‌ಡಿ ಕಾರ್ಡ್ ಬೇಡ.

ಯಾವ ಪೈ ಎಂಬುದರ ಮೇಲೆ ಉಂಟು. 3ಬಿಯಲ್ಲಿ ಒಂದು ಸಲ ಕಾನ್ಫಿಗ್ ಫೈಲಿನಿಂದ ಒಳಗಿನ ಒಟಿಪಿ ಬಿಟ್ ಹೊತ್ತಿಸಬೇಕು, ಅದು ಮತ್ತೆ ಅಳಿಯುವುದಿಲ್ಲ. 3ಬಿ ಪ್ಲಸ್‌ನಲ್ಲಿ ಹೊತ್ತಿಸಿಯೇ ಕೊಟ್ಟಿದ್ದಾರೆ. ಪೈ 4 ಬಂದ ಹೊಸತರಲ್ಲಿ ಯುಎಸ್‌ಬಿ ಬೂಟ್ ಇರಲಿಲ್ಲ, 2020ರಲ್ಲಿ ಬಂತು. ಹಳೆಯ ಬೋರ್ಡಾದರೆ ಪೈ ಇಮೇಜರಿನಲ್ಲಿ ಬೂಟ್‌ಲೋಡರ್ ಎಂಬ ಕಡೆ ಯುಎಸ್‌ಬಿ ಬೂಟ್ ಆರಿಸಿ ಒಂದು ಕಾರ್ಡಿಗೆ ಬರೆದು ಹಾಕಿ. ಸ್ಕ್ರೀನ್ ಹಸಿರಾದರೆ ಕೆಲಸ ಆಯಿತು.

ಬೂಟ್ ಆರ್ಡರ್ ಎಂಬ ಸಂಖ್ಯೆಯನ್ನು ಬಲದಿಂದ ಎಡಕ್ಕೆ ಓದಬೇಕು. ಎಫ್41 ಎಂದರೆ ಮೊದಲು 1, ಅಂದರೆ ಎಸ್‌ಡಿ ಕಾರ್ಡ್, ಆಮೇಲೆ 4, ಅಂದರೆ ಯುಎಸ್‌ಬಿ, ಎಫ್ ಬಂದರೆ ಮತ್ತೆ ಮೊದಲಿನಿಂದ. ಯುಎಸ್‌ಬಿ ಮೊದಲು ಬೇಕಾದರೆ ಎಫ್14.

ಪೈ 5ರಲ್ಲಿ ಕಾರ್ಡಿನಿಂದ ಬೂಟ್ ಆಗುತ್ತದೆ, ಯುಎಸ್‌ಬಿಯಿಂದ ಆಗುವುದೇ ಇಲ್ಲ.

ನಿಮ್ಮದು 3 ಆಂಪಿಯರ್ ಚಾರ್ಜರ್. ಹೌದೋ ಅಲ್ಲವೋ? 5 ಆಂಪಿಯರ್ ಸಿಗದಿದ್ದರೆ ಪೈ 5 ಯುಎಸ್‌ಬಿ ಬೂಟನ್ನು ಬೇಕೆಂದೇ ತಡೆಯುತ್ತದೆ. ಆ ಹೊತ್ತಿಗೆ ಪವರ್ ಬಟನ್ ಒತ್ತಿದರೆ ಆ ಒಂದು ಸಲಕ್ಕೆ ಬಿಡುತ್ತದೆ. ಕಾಯಂ ಬೇಕಾದರೆ ಕಾನ್ಫಿಗ್ ಫೈಲಿನಲ್ಲಿ ಯುಎಸ್‌ಬಿ ಮ್ಯಾಕ್ಸ್ ಕರೆಂಟ್ ಎನೇಬಲ್ ಎಂಬುದಕ್ಕೆ 1 ಕೊಡಿ (ಪದಗಳ ನಡುವೆ ಅಂಡರ್‌ಸ್ಕೋರ್). ಆದರೆ ಅದು "ಚಾರ್ಜರ್ ಗಟ್ಟಿ ಇದೆ, ನಂಬು" ಎಂದು ಬೋರ್ಡಿಗೆ ಹೇಳಿದ ಹಾಗೆ, ಚಾರ್ಜರ್ ನಿಜವಾಗಿ ಗಟ್ಟಿ ಇದ್ದರೆ ಮಾತ್ರ ಹೇಳಿ.

ಹಸಿರು ಲೈಟ್ ಎಣಿಸಿದ ಹಾಗೆ ಮಿನುಗುತ್ತದೆ.

ಎಣಿಸಿಯೇ ನೋಡಿ. ನಾಲ್ಕು ಸಲವಾದರೆ ಸ್ಟಾರ್ಟ್ ಫೈಲ್ ಸಿಗಲಿಲ್ಲ, ಏಳು ಸಲವಾದರೆ ಓಎಸ್‌ನ ತಿರುಳಾದ ಕರ್ನಲ್ ಸಿಗಲಿಲ್ಲ. ಹಳೆಯ ಓಎಸ್ ಇರುವ ಕಾರ್ಡನ್ನು ಹೊಸ ಪೈಗೆ ಹಾಕಿದಾಗ ನಾಲ್ಕು ಬರುವುದು ಸಾಮಾನ್ಯ.

ಕಾರ್ಡಿನಲ್ಲಿ ಹೊಸ ಓಎಸ್ ಉಂಟು, ಆದರೂ ಬೋರ್ಡ್ ಒಳಗಿನ ಹಳೆಯದ್ದೇ ಏಳುತ್ತದೆ.

ಇಎಂಎಂಸಿ, ಅಂದರೆ ಬೋರ್ಡಿನದೇ ಸ್ಟೋರೇಜ್ ಚಿಪ್ ಇರುವ ಬೋರ್ಡುಗಳ ಕಥೆ ಇದು. ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ ಕಾರ್ಡಿನ ಹತ್ತಿರದ ಎಸ್2 ಬಟನ್ ಒತ್ತಿ ಹಿಡಿದುಕೊಂಡು ಕರೆಂಟ್ ಕೊಡಿ. ಬರೀ ರೀಸೆಟ್ ಸಾಲದು, ಕರೆಂಟ್ ತೆಗೆದು ಹಾಕಬೇಕು. ಆರ್‌ಕೆ3399ರಂಥ ರಾಕ್‌ಚಿಪ್‌ಗಳು ಎಸ್‌ಪಿಐ (ಬೋರ್ಡಿನ ಸಣ್ಣ ಫ್ಲ್ಯಾಶ್ ಚಿಪ್), ಇಎಂಎಂಸಿ, ಆಮೇಲೆ ಕಾರ್ಡ್ ಎಂಬ ಕ್ರಮದಲ್ಲಿ ಹುಡುಕುತ್ತವೆ. ಓಎಸ್ ಎಬ್ಬಿಸುವ ಒಳಗಿನ ಹಳೆಯ ಬೂಟ್‌ಲೋಡರ್ ಹಟ ಮಾಡಿದರೆ ಮಾಸ್ಕ್‌ರಾಮ್ ಬಟನ್ ಒತ್ತಿ ಹಿಡಿದು ಆನ್ ಮಾಡಿ, ಯುಎಸ್‌ಬಿಯಿಂದ ಆರ್‌ಕೆಡೆವಲಪ್‌ಟೂಲ್ ಬಳಸಿ ಹೊಸದನ್ನು ಬರೆಯಬೇಕು. ಮೊದಲು ಎಲ್‌ಡಿ ಕೊಟ್ಟು ಬೋರ್ಡ್ ಕಾಣುತ್ತದಾ ನೋಡಿ, ಡಿಬಿ ಕೊಟ್ಟು ಲೋಡರ್ ಇಳಿಸಿ, ಡಬ್ಲ್ಯುಎಲ್ 0 ಕೊಟ್ಟು ಇಮೇಜ್ ಬರೆಯಿರಿ. ಡಿಬಿ ಬಿಟ್ಟು ನೇರ ಬರೆಯಲು ಹೋಗಬೇಡಿ. ಆ ಹೊತ್ತಿಗೆ ಚಿಪ್‌ಗೆ ತನ್ನ ರ್‍ಯಾಮ್ ಕೂಡ ಎದ್ದಿರುವುದಿಲ್ಲ.

ಆಲ್‌ವಿನ್ನರಿನಲ್ಲಿ ಇಷ್ಟು ಗೋಳಿಲ್ಲ, ಅದು ಕಾರ್ಡನ್ನೇ ಮೊದಲು ನೋಡುತ್ತದೆ. ಆರ್‌ಕೆಡೆವಲಪ್‌ಟೂಲ್ ಪರ್ಮಿಷನ್ ಇಲ್ಲ ಎಂದು ಎರರ್ ಕೊಟ್ಟರೆ ಕಮಾಂಡಿನ ಮುಂದೆ ಸುಡೋ ಹಾಕಿ ನೋಡಿ, ಆಗ ನಡೆದರೆ ಆ ವಸ್ತುವಿಗೆ ಕಾಯಂ ಅನುಮತಿ ಕೊಡುವ ಒಂದು ಯುಡೆವ್ ನಿಯಮ ಬರೆದಿಡಿ. ವಿಂಡೋಸಿನವರಿಗೆ ಯುಎಸ್‌ಬಿ ಡ್ರೈವರ್ ಬದಲಿಸುವ ಜ್ಯಾಡಿಗ್ ಬೇಕಾಗಬಹುದು. ಪಟ್ಟಿಯಲ್ಲಿ ಸರಿಯಾದ ನಂಬರ್ ಆರಿಸಿ, ಗಡಿಬಿಡಿಯಲ್ಲಿ ನಿಮ್ಮ ಕೀಬೋರ್ಡಿನ ಡ್ರೈವರ್ ಬದಲಿಸಿಕೊಳ್ಳಬೇಡಿ.

ಸ್ಕ್ರೀನ್ ಪೂರ್ತಿ ಕಪ್ಪು. ಇನ್ನು ಎಂತ ನೋಡುವುದು?

ಬೋರ್ಡ್ ಏಳುವಾಗ ಹೇಳುವುದನ್ನು ಲ್ಯಾಪ್‌ಟಾಪಿನಲ್ಲಿ ಅಕ್ಷರವಾಗಿ ತೋರಿಸುವ ಸೀರಿಯಲ್ ಕೇಬಲ್ ತೆಗೆದುಕೊಳ್ಳಿ. ಸಿಪಿ2102, ಸಿಎಚ್340 ಯಾವುದಾದರೂ ಸರಿ, ಆದರೆ 3.3 ವೋಲ್ಟಿನದ್ದೇ ಆಗಬೇಕು, 5 ವೋಲ್ಟ್ ಕೊಟ್ಟರೆ ಪಿನ್ ಸುಟ್ಟೀತು. ಪೈಯಲ್ಲಿ 6ನೇ ಪಿನ್ ಗ್ರೌಂಡ್, 8 ಕಳಿಸುವುದು, 10 ಪಡೆಯುವುದು. ಕಳಿಸುವುದನ್ನು ಪಡೆಯುವುದಕ್ಕೆ ಅಡ್ಡ ಜೋಡಿಸಿ. ಕೆಂಪು ತಂತಿ (ಪವರ್) ಬೋರ್ಡಿಗೆ ಜೋಡಿಸಲೇಬೇಡಿ. ಪೈಯಲ್ಲಿ ವೇಗ 115200. ಹೆಚ್ಚಿನ ರಾಕ್‌ಚಿಪ್ ಬೋರ್ಡುಗಳಲ್ಲಿ 1500000, ಅದಕ್ಕೇ ಬರೀ ಕಸದ ಅಕ್ಷರ ಬಂದರೆ ವೇಗ ಬದಲಿಸಿ ನೋಡಿ. ಕಪ್ಪು ಸ್ಕ್ರೀನ್ ನೋಡಿಕೊಂಡು ಊಹೆ ಮಾಡುವುದಕ್ಕಿಂತ ಈ ಕೇಬಲಿಗೆ ಒಂದೆರಡು ಮಸಾಲೆ ದೋಸೆಯ ದುಡ್ಡು ಹಾಕುವುದು ಲಾಭ.

ಮಾಮೂಲಿ ಲಿನಕ್ಸ್ ಸಾಕಾಗಿದೆ. ಬೇರೆ ಯಾವುದು ಹಾಕಿ ನೋಡಬಹುದು?

ಟಿವಿಗಾದರೆ ಲಿಬ್ರಿಎಲೆಕ್. ಆರೆಂಜ್ ಪೈಗೆ ಕಂಪನಿ ಕೊಟ್ಟ ಇಮೇಜಿಗಿಂತ ಆರ್ಮ್‌ಬಿಯನ್ ಮೇಲು, ಇದು ನನ್ನ ಅಭಿಪ್ರಾಯ. ಓಪನ್‌ಬಿಎಸ್‌ಡಿ ಪೈ 4ರಲ್ಲಿ ನಡೆಯುತ್ತದೆ, ಆದರೆ ಸುಮ್ನೆ ಹಾಕಿದರೆ ಅದು ಸೀರಿಯಲ್‌ನಲ್ಲೇ ಮಾತಾಡುತ್ತದೆ, ಸ್ಕ್ರೀನ್ ಕಪ್ಪಾದದ್ದಕ್ಕೆ ಹೆದರಬೇಡಿ. ನನಗೆ ಇಷ್ಟ ರಿಸ್ಕ್ ಓಎಸ್. 1987ರಲ್ಲಿ ಏಕಾರ್ನ್ ಕಂಪ್ಯೂಟರಿಗೆಂದು ಹುಟ್ಟಿದ್ದು, ಎಆರ್‌ಎಂ ಚಿಪ್ ಹುಟ್ಟಿದ್ದೂ ಅದೇ ಕಂಪನಿಯಲ್ಲಿ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಏಳುತ್ತದೆ. ಮೆನು ಸಿಗಲಿಲ್ಲ ಎಂದು ಕೇಳಬೇಡಿ, ಮೌಸಿನ ನಡುವಿನ ಚಕ್ರ ಒತ್ತಿ.

ಪೈ, ರಾಸ್ಪ್‌ಬೆರಿ ಎಂಬ ಹಳೆಯ ಹೆಸರು, ಪಾಸ್‌ವರ್ಡ್ ನಡೆಯುವುದಿಲ್ಲ.

2022ರಲ್ಲೇ ತೆಗೆದಿದ್ದಾರೆ. ಇಮೇಜ್ ಬರೆಯುವಾಗ ನೀವೇ ಹೆಸರು ಕೊಡಬೇಕು, ಬೇರೆ ಕಂಪ್ಯೂಟರಿನಿಂದ ಒಳಗೆ ಬರಲು ಬೇಕಾದ ಎಸ್‌ಎಸ್‌ಎಚ್ ಕೂಡ ಅಲ್ಲೇ ಆನ್ ಮಾಡಿ.

ಮಳೆಗಾಲದಲ್ಲಿ ಚೆನ್ನಾಗಿದ್ದ ಬೋರ್ಡ್ ಹಠಾತ್ ಯುಎಸ್‌ಬಿ ಬಿಡುತ್ತದೆ. ಬೇಸಿಗೆಯಲ್ಲಿ ಸರಿ ಇತ್ತು.

ನಮ್ಮೂರಿನ ಸ್ಪೆಷಲ್ ಇದು. ಪಣಂಬೂರು, ಉಳ್ಳಾಲ, ಮಲ್ಪೆ, ಕಾಪು ಕಡೆಯ ಉಪ್ಪು ಗಾಳಿ, ಮೇಲಿಂದ ಜೂನ್ ಹಿಡಿದ ಮಳೆ. ಪೋರ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿ, ಸಂಪರ್ಕ ಪಟ್ಟಿಗಳ ಮೇಲೆ ಹಸಿರು ಕಿಲುಬು ಕಂಡೀತು. ಕರೆಂಟ್ ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಮೆತ್ತನೆ ಬ್ರಶ್ಶಿನಿಂದ ಉಜ್ಜಿ, ಪೂರ್ತಿ ಒಣಗಲು ಬಿಡಿ. ಎಸ್‌ಡಿ ಕಾರ್ಡಿನ ಚಿನ್ನದ ಪಟ್ಟಿಗೂ ಇದೇ. ತೆಂಗಿನೆಣ್ಣೆ ಹಚ್ಚಿದವರೊಬ್ಬರು ಇದ್ದಾರೆ, ಹಾಗೆಲ್ಲ ಮಾಡಬೇಡಿ. ಗುಡುಗು ಶುರುವಾದರೆ ಚಾರ್ಜರ್ ಕಿತ್ತುಬಿಡಿ, ಲ್ಯಾನ್ ಕೇಬಲ್ ಕೂಡ. ಕರೆಂಟ್ ಹೋಗಿ ಬಂದು ಆಟ ಆಡುವ ದಿನಗಳಲ್ಲಿ ಕಾರ್ಡ್ ಹಾಳಾಗುವುದು ಜಾಸ್ತಿ, ಸಣ್ಣ ಯುಪಿಎಸ್ ಇದ್ದರೆ ಒಳ್ಳೆಯದು.

ಕಾರ್ಡ್ ನಕಲಿಯೋ ಅಸಲಿಯೋ?

ಲಿನಕ್ಸಿನಲ್ಲಿ ಎಫ್3, ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಓಡಿಸಿ. ಪೂರ್ತಿ ಬರೆದು ಓದಿ ಹೇಳುತ್ತವೆ, ಸಮಯ ಹಿಡಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಆಗಲಿಲ್ಲ. ನಿಮ್ಮಲ್ಲಿಗೆ ತಂದು ತೋರಿಸಬಹುದಾ?

ತನ್ನಿ, ಭಾನುವಾರ ಬೆಳಿಗ್ಗೆ ಇರುತ್ತೇನೆ. ಆದರೆ ಎಲ್ಲರೂ ಬರೀ ಬೋರ್ಡ್ ಹಿಡಿದುಕೊಂಡು ಬರುತ್ತಾರೆ, ನನ್ನ ಚಾರ್ಜರಿನಲ್ಲಿ, ನನ್ನ ಕೇಬಲಿನಲ್ಲಿ ಅದು ಚೆಂದಕ್ಕೆ ಓಡುತ್ತದೆ, ಮನೆಗೆ ಹೋದಮೇಲೆ ಮತ್ತೆ ಫೋನ್. ನಿಮ್ಮದೇ ಚಾರ್ಜರ್, ಕೇಬಲ್, ಕಾರ್ಡ್ ಎಲ್ಲ ತನ್ನಿ. ಗೋಳಿಬಜೆ ತರುವುದು ಕಡ್ಡಾಯ ಅಲ್ಲ.